ಮೈದಾನದ ಪಕ್ಕ ಒಬ್ಬಳೇ ನಿಂತಿದ್ದ ಹುಡುಗಿ ಬಗ್ಗೆ, ಅಮೆರಿಕದ ಕನ್ನಡ ಅಪ್ಪ ಅಮ್ಮಂದಿರಿಗೆ ಒಂದು ಬಹಿರಂಗ ಪತ್ರ

ಇಲ್ಲಿನ ಹೈಸ್ಕೂಲ್ ಟೀಮ್‌ಗಳಲ್ಲಿ ಮಕ್ಕಳನ್ನ ಸಾಕರ್ (ಊರಲ್ಲಿ ನಾವು ಫುಟ್‌ಬಾಲ್ ಅನ್ನೋದು), ಫುಟ್‌ಬಾಲ್ (ಹೆಲ್ಮೆಟ್ ಹಾಕಿ ಆಡೋ ಅಮೆರಿಕದ ಆಟ), ಟ್ರ್ಯಾಕ್ ಅಂತ ಆಡಿಸ್ತಿರೋ ಕನ್ನಡದ ಅಪ್ಪ ಅಮ್ಮಂದಿರಿಗೆ, ಮತ್ತೆ ಊರಲ್ಲಿ ಬಿಪಿಟಿ (ಫಿಸಿಯೋಥೆರಪಿ ಡಿಗ್ರಿ) ಮುಗಿಸಿ ಅಥ್ಲೆಟಿಕ್ ಟ್ರೈನಿಂಗ್ ಮಾಸ್ಟರ್ಸ್ ಮಾಡೋಕೆ ಬಂದಿರೋ, ಬರ್ಬೇಕು ಅಂತಿರೋ ತಂಗಿ ತಮ್ಮಂದಿರಿಗೆ,

ನಮಸ್ಕಾರ.

ನಾನು ದಾವಣಗೆರೆ ಕಡೆಯವಳು, ಈಗ ಮಿಡ್‌ವೆಸ್ಟ್‌ನ ಒಂದು ಹೈಸ್ಕೂಲಲ್ಲಿ ಅಥ್ಲೆಟಿಕ್ ಟ್ರೈನರ್. ಜಿಮ್ಮಲ್ಲಿ ಡಂಬೆಲ್ ಎತ್ತಿಸೋ ಟ್ರೈನರ್ ಅಂತ ನಮ್ಮ ಸಂಬಂಧಿಕರೇ ಎಷ್ಟೋ ಜನ ಅಂದ್ಕೊಂಡಿದಾರೆ, ಅದಲ್ಲ. 2023ರ ಜನವರಿ 2ಕ್ಕೆ ಸಿನ್ಸಿನಾಟಿಯಲ್ಲಿ ಡಮಾರ್ ಹ್ಯಾಮ್ಲಿನ್ ಅನ್ನೋ ಫುಟ್‌ಬಾಲ್ ಆಟಗಾರ ಟಿವಿಲಿ ಎಲ್ಲರೂ ನೋಡ್ತಿದ್ದಂಗೇ ಕುಸಿದು ಬಿದ್ರಲ್ಲ, ಹೃದಯ ನಿಂತೋಯ್ತಲ್ಲ, ಆಗ ಓಡ್ಹೋಗಿ ಸಿಪಿಆರ್, ಅಂದ್ರೆ ಎದೆ ಒತ್ತೋದು, ಶುರು ಮಾಡಿದ್ದು ಅವರ ಟೀಮಿನ ಅಥ್ಲೆಟಿಕ್ ಟ್ರೈನರ್. ಆ ಕೆಲಸ ನಂದು, ಆಟಗಾರರಿಗೆ ಪೆಟ್ಟಾದ್ರೆ ಮೊದಲು ನೋಡಿ ಆರೈಕೆ ಮಾಡೋದು. ಅದರ ಜೊತೆಗೆ ನಾನು ಪ್ರಿಸೆಪ್ಟರ್ ಕೂಡ, ಅಂದ್ರೆ ಹತ್ತಿರದ ಯೂನಿವರ್ಸಿಟಿಯಿಂದ ಕ್ಲಿನಿಕಲ್ ಪೋಸ್ಟಿಂಗ್‌ಗೆ ಬರೋ ಸ್ಟೂಡೆಂಟ್ಸ್‌ನ ಪಕ್ಕದಲ್ಲಿ ಇಟ್ಕೊಂಡು ಕೆಲಸ ಕಲಿಸೋದು, ಅವರಿಗೆ ಮಾರ್ಕ್ಸ್ ಹಾಕೋದು.

ಹೋದ ಸೆಪ್ಟೆಂಬರ್‌ನಲ್ಲಿ ಒಂದು ಸಾಕರ್ ಮ್ಯಾಚಲ್ಲಿ ಆಗಿದ್ದನ್ನ ಮೊದಲು ಹೇಳ್ತೀನಿ. ನಮ್ಮ ಸ್ಕೂಲಿನ ಸಾಕರ್ ಮೈದಾನಕ್ಕೂ ಫುಟ್‌ಬಾಲ್ ಮೈದಾನಕ್ಕೂ ಮಧ್ಯ ಪಾರ್ಕಿಂಗ್ ಲಾಟು, ಟೆನಿಸ್ ಕೋರ್ಟು ಎಲ್ಲ ಇದೆ, ನಡೆದ್ರೆ ಐದಾರು ನಿಮಿಷ. ನಾನು ಸಾಕರ್ ಮ್ಯಾಚಲ್ಲಿದ್ದೆ, ನನ್ನ ಜೊತೆ ಎರಡನೇ ವರ್ಷದ ಸ್ಟೂಡೆಂಟ್ ಒಬ್ಬಳು, ಹುಬ್ಬಳ್ಳಿ ಹುಡುಗಿ, ಹೆಸರು ಬೇಡ, ಈ ಪತ್ರ ಬರೆಯೋಕೆ ಅವಳನ್ನ ಕೇಳಿನೇ ಬರೀತಿದೀನಿ. ಆ ಕಡೆ ಫುಟ್‌ಬಾಲ್ ಪ್ರಾಕ್ಟೀಸಲ್ಲಿ ಒಬ್ಬ ಹುಡುಗನ ಪಾದ ತಿರುಚಿಕೊಂಡು ಊದ್ತಿದೆ ಅಂತ ರೇಡಿಯೋದಲ್ಲಿ ಕರೆದ್ರು. ನಾನು ಅವಳಿಗೆ ಒಂದು ಹತ್ತು ನಿಮಿಷ ನೋಡ್ಕೊಳಮ್ಮ ಬಂದ್ಬಿಡ್ತೀನಿ ಅಂತ ಹೇಳಿ ಗಾಡಿ ತಗೊಂಡು ಹೋದೆ.

ಹೋಗಿ ಆ ಪಾದ ಮುಟ್ಟಿ ನೋಡೋಷ್ಟರಲ್ಲಿ ಈ ಕಡೆ ಇಬ್ಬರು ಹುಡುಗರು ಹೆಡ್ ಮಾಡೋಕೆ ಹಾರಿ ತಲೆಗೆ ತಲೆ ಹೊಡ್ಕೊಂಡಿದಾರೆ. ಒಬ್ಬ ಎದ್ದು ಓಡಿದ. ಇನ್ನೊಬ್ಬ ಎದ್ದ, ಆದ್ರೆ ಎರಡು ಹೆಜ್ಜೆ ಬೇರೆ ಕಡೆಗೇ ಹಾಕಿದ. ನಮ್ಮ ಹುಡುಗಿ ಅದನ್ನ ನೋಡಿ ಅವನನ್ನ ಹೊರಗೆ ಕರ್ಕೊಂಡು ಬಂದು ಬೆಂಚಿನ ಮೇಲೆ ಕೂರಿಸಿ ಕೇಳೋದೆಲ್ಲ ಕೇಳಿದಾಳೆ, ಇದು ಯಾವ ಮೈದಾನ, ಯಾವ ಹಾಫ್ ನಡೀತಿದೆ, ಹೋದ ಮ್ಯಾಚು ಯಾರ ಮೇಲೆ ಆಡಿದ್ವಿ ಅಂತ. ತಿಂಗಳುಗಳನ್ನ ಹಿಂದಿನಿಂದ ಹೇಳು ಅಂದ್ರೆ ಡಿಸೆಂಬರ್, ನವೆಂಬರ್, ಅಕ್ಟೋಬರ್ ಅಂತ ಬಂದು ಆಗಸ್ಟ್ ಅಂದ್ಬಿಟ್ಟು, ಮತ್ತೆ ಅಕ್ಟೋಬರ್ ಅಂದಿದಾನೆ. ಅವಳು ಮರುಮಾತಾಡದೆ ಅವನ ಎಡಗಾಲಿನ ಶೂ ಬಿಚ್ಚಿಸಿ ತನ್ನ ಕಿಟ್ ಬ್ಯಾಗೊಳಗೆ ಹಾಕಿ ಜಿಪ್ ಎಳೆದಿದಾಳೆ. ಅದು ನಾನೇ ಹೇಳ್ಕೊಟ್ಟಿದ್ದು, ಫುಟ್‌ಬಾಲಲ್ಲಿ ತಲೆಗೆ ಏಟು ಬಿದ್ದ ಹುಡುಗನ ಹೆಲ್ಮೆಟ್ ನಾವು ಇಸ್ಕೊಂಡ್ಬಿಡ್ತೀವಿ, ಇಲ್ಲಾಂದ್ರೆ ನಾವು ಆ ಕಡೆ ತಿರುಗಿದ ತಕ್ಷಣ ಒಳಗೆ ಓಡ್ತಾರೆ, ಸಾಕರಲ್ಲಿ ಹೆಲ್ಮೆಟ್ ಇಲ್ಲವಲ್ಲ, ಅದಕ್ಕೆ ಶೂ.

ಹುಡುಗನ ಅಪ್ಪ ಅಲ್ಲೇ ಸ್ಟ್ಯಾಂಡಲ್ಲಿದ್ರು. ಕನ್ನಡದವರು. ಕನ್ನಡ ಕೂಟದ ಯುಗಾದಿ ಫಂಕ್ಷನ್‌ನಲ್ಲಿ ಅವಳನ್ನ ನೋಡಿದ್ರು, ಗುರುತು ಸಿಕ್ತು, ಕೆಳಗೆ ಬಂದ್ರು. ಏನಮ್ಮಾ ನಮ್ಮವಳೇ ನೀನು, ನೋಡು ಚೆನ್ನಾಗೇ ಇದಾನೆ, ಇನ್ನು ಹನ್ನೆರಡೇ ನಿಮಿಷ ಇರೋದು, ಬಿಟ್ಬಿಡು ಅಂದಿದಾರೆ. ಅಂಕಲ್, ನಮ್ಮ ಮೇಡಂ ಬರ್ಲಿ ಅಂತ ಇವಳು. ಕೋಚ್ ಕೂಡ ಬಂದು ಇಸ್ ಹಿ ಗುಡ್, ಇಸ್ ಹಿ ಗುಡ್ ಅಂತ ಎರಡು ಸಲ ಕೇಳಿದಾನೆ. ಆಗ ಆ ಅಪ್ಪ ಹೇಳಿದ ಮಾತು ಇವಳು ಆಮೇಲೆ ನನ್ನ ಹತ್ರ ಹೇಳೋವಾಗ ಕಣ್ಣಲ್ಲಿ ನೀರು ತುಂಬ್ಕೊಂಡಿತ್ತು. ಎಲ್ಲಾದಕ್ಕೂ ಮೇಡಂ ಬರ್ಬೇಕು ಅಂದ್ರೆ ಎರಡು ವರ್ಷದಿಂದ ನೀನು ಏನಮ್ಮಾ ಓದಿದ್ದು?

ನಾನು ಬಂದಾಗ ಅವಳ ಕೈ ನಡುಗ್ತಿತ್ತು, ಬ್ಯಾಗ್ ಮಾತ್ರ ಗಟ್ಟಿಯಾಗಿ ಹಿಡ್ಕೊಂಡಿದ್ಲು.

ಆ ಅಪ್ಪನ ಮೇಲೆ ದೂರು ಹೇಳೋಕೆ ನಾನು ಈ ಪತ್ರ ಬರೀತಿಲ್ಲ. ಅವರು ಮಾರನೇ ದಿನ ಫೋನ್ ಮಾಡಿ ಮಾತಾಡಿದ್ರು, ಹುಡುಗನಿಗೆ ಕನ್ಕಷನ್ (ತಲೆ ಏಟಿಂದ ಮೆದುಳಿಗೆ ಆಗೋ ಪೆಟ್ಟು) ಅಂತ ಡಾಕ್ಟರೂ ಹೇಳಿದ್ರು, ಮೂರು ವಾರದ ಮೇಲೆ ಆಟಕ್ಕೆ ವಾಪಸ್ ಬಂದ. ತಪ್ಪು ಮಾಡಿದ್ದು ನಾನು. ಅವಳನ್ನ ಅಲ್ಲಿ ಒಬ್ಬಳನ್ನೇ ಬಿಟ್ಟು ಹೋಗಿದ್ದು ನಾನು. ಅವಳು ಹೂಂ ಅನ್ನದೆ ಇನ್ನೇನು ಮಾಡ್ತಾಳೆ, ಸೆಮಿಸ್ಟರ್ ಕೊನೆಗೆ ಅವಳ ಫಾರ್ಮ್ ತುಂಬೋದು ನಾನು, ಅದರ ಮೇಲೆ ವೀಸಾದಲ್ಲಿ ಬಂದಿರೋ ಹುಡುಗಿ, ಮೇಡಂ ಹೋಗ್ಬೇಡಿ ಅಂತ ಬಾಯಿಬಿಟ್ಟು ಹೇಳೋಕೆ ಆಗುತ್ತಾ?

ಇದನ್ನ ಇಷ್ಟು ದೊಡ್ಡದು ಮಾಡ್ತಿರೋದು ಯಾಕೆ ಅಂತ ಕೇಳ್ಬಹುದು, ಹುಡುಗಿ ಸರಿಯಾಗೇ ಮಾಡಿದ್ಲಲ್ಲ ಅಂತ. ಅದಕ್ಕೆ ನನ್ನ ಹಳೇ ಕಥೆ ಹೇಳ್ಬೇಕು, ಇಲ್ಲಿ ತನಕ ಮನೆಯಲ್ಲಿ ಬಿಟ್ರೆ ಯಾರಿಗೂ ಹೇಳಿಲ್ಲ.

ನಾನು ಬಿಪಿಟಿ ಮಾಡಿದ್ದು ನಮ್ಮ ಕಡೆಯ ಒಂದು ಕಾಲೇಜಲ್ಲಿ, ನಾಲ್ಕು ವರ್ಷ ಓದು ಆಮೇಲೆ ಆರು ತಿಂಗಳು ಇಂಟರ್ನ್‌ಶಿಪ್. ಇಂಟರ್ನ್‌ಶಿಪ್‌ನಲ್ಲಿದ್ದಾಗ ಒಂದು ಕಬಡ್ಡಿ ಟೂರ್ನಮೆಂಟಿಗೆ ಫಿಸಿಯೋ ಬೇಕಂತೆ ಅಂತ ನನ್ನನ್ನ ಕಳಿಸಿದ್ರು. ಒಬ್ಬಳನ್ನೇ. ಕೈಗೆ ಒಂದು ಪ್ಲಾಸ್ಟಿಕ್ ಡಬ್ಬ, ಅದರಲ್ಲಿ ಕ್ರೇಪ್ ಬ್ಯಾಂಡೇಜು, ಪೇನ್ ಸ್ಪ್ರೇ, ಹತ್ತಿ, ಡೆಟಾಲ್. ಮಣ್ಣಿನ ಅಂಕಣ, ಟ್ಯೂಬ್‌ಲೈಟು, ಮೈಕಲ್ಲಿ ಊರವರ ಹೆಸರು ಹೇಳಿ ಸನ್ಮಾನ. ನನ್ನನ್ನ ಕುರ್ಚಿ ಹಾಕಿ ಕೂರಿಸಿದ್ರು, ಎಲ್ಲರೂ ಡಾಕ್ಟ್ರೇ ಡಾಕ್ಟ್ರೇ ಅಂತಿದ್ರು, ನಿಜ ಹೇಳ್ತೀನಿ, ಅದು ಕೇಳೋಕೆ ಖುಷಿಯಾಗ್ತಿತ್ತು. ಇಪ್ಪತ್ತೆರಡು ವರ್ಷ ನಂಗೆ.

ರಾತ್ರಿ ಹತ್ತರ ಹೊತ್ತಿಗೆ ಒಬ್ಬ ರೈಡರ್ ಗೆರೆ ಮುಟ್ಟೋಕೆ ಕೈ ಚಾಚಿದ, ಮೇಲೆ ನಾಲ್ಕು ಜನ ಬಿದ್ರು. ಎದ್ದಾಗ ಅವನ ಭುಜ ಬೇರೆ ಆಕಾರದಲ್ಲಿತ್ತು, ಮೂಳೆಯ ತುದಿ ಮುಂದಕ್ಕೆ ಬಂದು ಅಂಗಿ ಕೆಳಗೆ ಉಬ್ಬಿ ಕಾಣ್ತಿತ್ತು. ಸುತ್ತ ಐವತ್ತು ಜನ. ಡಾಕ್ಟ್ರೇ ಎಳೆದು ಕೂರಿಸಿ ಡಾಕ್ಟ್ರೇ, ಒಂದೇ ಎಳೆತ ಅಷ್ಟೇ, ನಮ್ಮೂರಲ್ಲಿ ನಾಟಿ ವೈದ್ಯರು ಹಂಗೇ ಮಾಡೋದು ಅಂತ. ನಂಗೆ ಪುಸ್ತಕದಲ್ಲಿ ಓದಿದ್ದು ಗೊತ್ತಿತ್ತು, ಎಕ್ಸ್‌ರೇ ಇಲ್ಲದೆ, ಕೈಗೆ ರಕ್ತ ಹೋಗ್ತಿದೆಯಾ ನರ ಸರಿ ಇದೆಯಾ ನೋಡದೆ ಮುಟ್ಟಬಾರದು, ಮತ್ತೆ ಅದು ಕೂರಿಸೋದು ನನ್ನ ಕೆಲಸವೇ ಅಲ್ಲ ಅಂತ. ಗೊತ್ತಿದ್ದೂ ಎಳೆದೆ. ಒಂದೇ ಸಲ. ಅವನು ಕಿರುಚಿದ ಕಿರುಚು ಈಗಲೂ ಕಿವಿಯಲ್ಲಿದೆ, ನಾನು ಬಿಟ್ಬಿಟ್ಟೆ, ಆಟೋದಲ್ಲಿ ಹಾಕ್ಕೊಂಡು ಆಸ್ಪತ್ರೆಗೆ ಹೋದ್ವಿ, ಎಕ್ಸ್‌ರೇಲಿ ಭುಜ ಜಾರಿರೋದರ ಜೊತೆ ಮೂಳೆ ತುದಿ ಮುರಿದಿರೋದೂ ಕಾಣ್ತು. ಅದು ಬಿದ್ದಾಗ ಮುರೀತಾ, ನಾನು ಎಳೆದಾಗ ಮುರೀತಾ, ಅಲ್ಲಿದ್ದ ಡಾಕ್ಟರು ಬಿದ್ದಾಗಲೇ ಇರ್ಬೇಕು ಹೋಗಮ್ಮ ಅಂದ್ರು. ಇರ್ಬೇಕು ಅಂದ್ರು ಅಷ್ಟೇ.

ಅವತ್ತು ನನ್ನ ಪಕ್ಕದಲ್ಲಿ ದೊಡ್ಡೋರು ಒಬ್ಬರು ನಿಂತಿದ್ರೆ ಮುಟ್ಟಬೇಡ ಅನ್ನೋ ಒಂದೇ ಮಾತು ಸಾಕಾಗಿತ್ತು. ಸೂಪರ್‌ವಿಷನ್ ಅಂದ್ರೆ ನನ್ನ ಪ್ರಕಾರ ಆ ಒಂದು ಮಾತು. ಕಲಿಯೋರಿಗೆ ಬುದ್ಧಿ ಇಲ್ಲ ಅಂತಲ್ಲ, ನಂಗೆ ಅವತ್ತು ಪುಸ್ತಕದ ಬುದ್ಧಿ ಪೂರ್ತಿ ಇತ್ತು, ಐವತ್ತು ಜನರ ಎದುರು ಇಲ್ಲ ಅನ್ನೋ ಶಕ್ತಿ ಇರ್ಲಿಲ್ಲ. ಹುಬ್ಬಳ್ಳಿ ಹುಡುಗಿಗೆ ಆ ಶಕ್ತಿ ಇತ್ತು, ಅದು ಅವಳ ದೊಡ್ಡತನ, ಆದ್ರೆ ಒಂದು ಮಗುವಿನ ತಲೆ ಉಳಿಯೋದು ಸ್ಟೂಡೆಂಟಿನ ದೊಡ್ಡತನದ ಮೇಲೆ ನಿಂತಿರಬಾರದು.

ಇಲ್ಲಿನ ರೂಲ್ಸ್ ಏನು ಅಂತ ಹೇಳ್ತೀನಿ, ಯಾಕಂದ್ರೆ ನಮ್ಮವರಲ್ಲಿ ತುಂಬ ಜನಕ್ಕೆ ಗೊತ್ತಿಲ್ಲ. ಅಥ್ಲೆಟಿಕ್ ಟ್ರೈನಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡೋ ಸಂಸ್ಥೆ ಹೆಸರು ಸಿಎಎಟಿಇ, ಕೇಟೀ ಅಂತ ಕರೀತೀವಿ. ಅವರ 2020ರ ಸ್ಟ್ಯಾಂಡರ್ಡ್ಸ್ ಪ್ರಕಾರ ಪ್ರಿಸೆಪ್ಟರ್ ಅದೇ ಜಾಗದಲ್ಲಿ ಇರ್ಬೇಕು, ಸ್ಟೂಡೆಂಟ್ ಪರವಾಗಿ ಮತ್ತೆ ಪೇಷೆಂಟ್ ಪರವಾಗಿ ಮಧ್ಯ ಪ್ರವೇಶ ಮಾಡೋಕೆ ಆಗ್ಬೇಕು, ಅದರ ಜೊತೆ ಆಯಾ ರಾಜ್ಯದ ಲೈಸೆನ್ಸ್ ಕಾನೂನಿಗೂ ಸರಿಹೊಂದಬೇಕು. ಇಬ್ಬರ ಪರವಾಗಿ ಅನ್ನೋದನ್ನ ಗಮನಿಸಿ, ಪೇಷೆಂಟ್ ಒಬ್ಬರನ್ನೇ ಕಾಯೋ ರೂಲ್ ಅಲ್ಲ ಅದು. ಮೊದಮೊದಲು ಜಾಸ್ತಿ ಹತ್ತಿರ ನಿಂತು, ಹುಡುಗಿ ಕಲಿತಂಗೆಲ್ಲ ಸ್ವಲ್ಪ ಸ್ವಲ್ಪ ದೂರ ಸರೀಬೇಕು ಅಂತಲೂ ಅದರಲ್ಲೇ ಇದೆ, ಯಾವಾಗಲೂ ಹೆಗಲ ಮೇಲೆ ಕೂತಿರಬೇಕು ಅಂತಲ್ಲ.

ನಾನು ಜಾರಿದ್ದು ಇಲ್ಲೇ. ಸ್ಕೂಲ್ ಕ್ಯಾಂಪಸ್ ಒಂದೇ, ನಾನು ಕ್ಯಾಂಪಸ್ಸಲ್ಲೇ ಇದ್ದೆ, ಪೇಪರ್ ಮೇಲೆ ನೋಡಿದ್ರೆ ಆನ್ ಸೈಟ್. ಆದ್ರೆ ಪಾರ್ಕಿಂಗ್ ಲಾಟಿನ ಆಚೆ ನಿಂತು ಇನ್ನೊಬ್ಬನ ಪಾದ ಹಿಡ್ಕೊಂಡಿರೋಳು ಮಧ್ಯ ಪ್ರವೇಶ ಮಾಡೋದು ಹೇಗೆ? ರೇಡಿಯೋ ಇತ್ತು ಅನ್ನೋದು ಉತ್ತರ ಅಲ್ಲ. ಆ ಅಪ್ಪ ಕೆಳಗಿಳಿದು ಬಂದಾಗ ಅವಳ ಮುಂದೆ ಹೋಗಿ ನಿಲ್ಲೋಕೆ ರೇಡಿಯೋಗೆ ಆಗಲ್ಲ. ತುಂಬ ಸ್ಕೂಲುಗಳಲ್ಲಿ ಇದೇ ನಡೆಯೋದು, ಯಾರೂ ಕೆಟ್ಟವರಲ್ಲ, ಟ್ರೈನರ್ ಒಬ್ಬರು ಮೈದಾನ ಮೂರು, ಸ್ಟೂಡೆಂಟ್ ಇದಾಳಲ್ಲ ಅಂತ ಆ ಮೂರನ್ನ ಹಂಚ್ಕೋತಾರೆ. 2019ರಲ್ಲಿ ಬಂದ ಸರ್ವೇ ಪ್ರಕಾರ ಇಲ್ಲಿನ ಹೈಸ್ಕೂಲುಗಳಲ್ಲಿ ಸುಮಾರು ಮೂರನೇ ಒಂದು ಪಾಲಿಗೆ ಅಥ್ಲೆಟಿಕ್ ಟ್ರೈನರೇ ಇರ್ಲಿಲ್ಲ. ಆ ಕೊರತೆನ ಫೀಸು ಕಟ್ಟಿ ಕಲಿಯೋಕೆ ಬಂದಿರೋ ಹುಡುಗಿಯಿಂದ ತುಂಬಿಸ್ಬಾರದು. ಅವಳಿಗೆ ಸಂಬಳ ಇಲ್ಲ, ಈ ಗಂಟೆಗಳಿಗೆ ಅವಳೇ ಯೂನಿವರ್ಸಿಟಿಗೆ ದುಡ್ಡು ಕಟ್ಟಿದಾಳೆ.

ಹಿಂದೆ ಇದು ಇನ್ನೂ ಕೆಟ್ಟದಾಗಿತ್ತು. ಈ ವೃತ್ತಿಯವರ ಸಂಘ ಶುರುವಾಗಿದ್ದು 1950ರಲ್ಲಿ, ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಇದನ್ನ ಆರೋಗ್ಯ ವೃತ್ತಿ ಅಂತ ಒಪ್ಪಿದ್ದು 1990ರಲ್ಲಿ. ಆಗೆಲ್ಲ ಸಾವಿರದ ಐನೂರು ಗಂಟೆ ಟೀಮಿನ ಜೊತೆ ದುಡಿದು ಪರೀಕ್ಷೆಗೆ ಕೂರೋ ಇಂಟರ್ನ್‌ಶಿಪ್ ದಾರಿ ಒಂದಿತ್ತು, ಸ್ಟೂಡೆಂಟ್ ಒಬ್ಬನೇ ಟೀಮ್ ಬಸ್ಸಲ್ಲಿ ಬೇರೆ ಊರಿಗೆ ಹೋಗಿ ಮ್ಯಾಚ್ ನೋಡ್ಕೊಂಡು ಬರೋದು ಮಾಮೂಲಿ. 2004ಕ್ಕೆ ಆ ದಾರಿ ಮುಚ್ಚಿದ್ರು. ಈಗಂತೂ ಹೊಸಬರಿಗೆ ಮಾಸ್ಟರ್ಸ್ ಡಿಗ್ರಿನೇ ಬೇಕು. ನನಗೆ ಕಲಿಸಿದ ಹಿರಿಯರು ಆ ಬಸ್ಸಿನ ಕಥೆ ಹೇಳೋವಾಗ ನಾವು ಹಂಗೇ ಕಲಿತಿದ್ದು ಅಂತ ಹೆಮ್ಮೆಯಿಂದಲೇ ಹೇಳ್ತಾರೆ, ನಂಗೆ ಮಾತ್ರ ಕಬಡ್ಡಿ ಅಂಕಣ ನೆನಪಾಗುತ್ತೆ.

ಹಾಗಾದ್ರೆ ಸ್ಟೂಡೆಂಟ್ ಏನು ಮಾಡ್ಬಹುದು ಅಂದ್ರೆ, ತುಂಬಾನೇ ಮಾಡ್ಬಹುದು, ಮಾಡ್ಲೇಬೇಕು, ಇಲ್ಲಾಂದ್ರೆ ಕಲಿಯೋದು ಹೇಗೆ. ನಿಮ್ಮ ಮಗಳ ಪಾದಕ್ಕೆ ಟೇಪ್ ಸುತ್ತೋದು ಅವಳೇ ಇರ್ಲಿ, ನಮ್ಮಲ್ಲಿ ಎರಡನೇ ವರ್ಷದವರು ನನಗಿಂತ ನೀಟಾಗಿ ಸುತ್ತುತಾರೆ, ಹಿಮ್ಮಡಿ ಹತ್ರ ಒಂದು ಸುಕ್ಕು ಇರಲ್ಲ. ಮಂಡಿ ಪೆಟ್ಟಾದ್ರೆ ಮೊದಲು ಅವಳು ಕೈ ಹಾಕಿ ಲಿಗಮೆಂಟ್ ಟೆಸ್ಟ್ ಮಾಡ್ತಾಳೆ, ಏನು ಅನ್ಸುತ್ತೆ ಅಂತ ನಂಗೆ ಹೇಳ್ತಾಳೆ, ಆಮೇಲೆ ನಾನು ಅದೇ ಟೆಸ್ಟ್ ಮತ್ತೆ ಮಾಡ್ತೀನಿ. ಎರಡು ಸಲ ಯಾಕೆ ಮುಟ್ತಾರೆ ಅಂತ ಮಕ್ಕಳು ಮುಖ ಕಿವುಚ್ತಾರೆ, ಅದಕ್ಕೇ ಕಾರಣ ಇದು. ಆಪರೇಷನ್ ಆದ ಮೇಲಿನ ಎಕ್ಸರ್‌ಸೈಜ್ ಮಾಡಿಸೋದು, ನೋಟ್ಸ್ ಬರೆಯೋದು, ಕೆಳಗೆ ನನ್ನ ಸಹಿ. ಕೋರ್ಸಲ್ಲಿ ಕನಿಷ್ಠ ನಾಲ್ಕು ವಾರ ಪೂರ್ತಿಯಾಗಿ ಅಥ್ಲೆಟಿಕ್ ಟ್ರೈನರ್ ಜೊತೆಗೇ ದಿನಾ ಇದ್ದು ಎಲ್ಲ ಕೆಲಸನೂ ಮಾಡೋ ಪೋಸ್ಟಿಂಗ್ ಕೂಡ ಇದೆ. ಪೇಷೆಂಟ್ ಮುಟ್ಟೋಕೆ ಮುಂಚೆನೇ ಸಿಪಿಆರ್, ಎಇಡಿ (ನಿಂತ ಹೃದಯಕ್ಕೆ ಶಾಕ್ ಕೊಡೋ ಯಂತ್ರ) ಟ್ರೈನಿಂಗ್ ಆಗಿರ್ಬೇಕು. ಅದಕ್ಕೇ ಹೇಳ್ತೀನಿ, ಯಾರಾದ್ರೂ ಉಸಿರಿಲ್ಲದೆ ಬಿದ್ರೆ ಸ್ಟೂಡೆಂಟ್ ನನಗೋಸ್ಕರ ಕಾಯಬೇಕಾಗಿಲ್ಲ, 911ಗೆ ಫೋನ್ ಮಾಡಿಸಿ ಎದೆ ಒತ್ತೋಕೆ ಶುರು ಮಾಡ್ಬೇಕು, ನೀವೂ ಮಾಡ್ಬೇಕು, ಒಂದೊಂದು ನಿಮಿಷ ತಡ ಆದಂಗೂ ಬದುಕೋ ಸಾಧ್ಯತೆ ಶೇಕಡ 7ರಿಂದ 10 ಕಮ್ಮಿ ಆಗ್ತಾ ಹೋಗುತ್ತೆ.

ಮಾಡ್ಬಾರದ್ದು ಕಡಿಮೆನೇ, ಆದ್ರೆ ಅಷ್ಟರ ಮೇಲೇ ಎಲ್ಲ ನಿಂತಿರೋದು. ಆಟಕ್ಕೆ ವಾಪಸ್ ಹೋಗ್ಬಹುದು ಅನ್ನೋ ಮಾತು ಅವಳ ಬಾಯಿಂದ ಬರ್ಬಾರದು. ನಿಮ್ಮ ಮಗನಿಗೆ ಏನಾಗಿದೆ ಅಂತ ನಿಮಗೆ ಅವಳೊಬ್ಬಳೇ ಹೇಳ್ಬಾರದು. ಟೀಮ್ ಜೊತೆ ಅವಳೊಬ್ಬಳೇ ಪ್ರಯಾಣ ಮಾಡ್ಬಾರದು, ಇವತ್ತು ಟ್ರೈನರ್ ಯಾರು ಅಂದ್ರೆ ಅವಳ ಕಡೆ ಕೈ ತೋರಿಸ್ಬಾರದು.

ತಲೆ ಏಟು ಒಂದಾದ್ರೆ ನನಗೆ ಅದಕ್ಕಿಂತ ಭಯ ಬಿಸಿಲಿಂದು. ಆಗಸ್ಟ್ ಮೊದಲ ವಾರ ಫುಟ್‌ಬಾಲ್ ಪ್ಯಾಡ್ ಹಾಕ್ಕೊಂಡು ಓಡೋ ಹುಡುಗನಿಗೆ ಮೈ ಒಳಗಿನ ಶಾಖ 104, 105 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಮಾತು ತೊದಲೋಕೆ ಶುರುವಾದ್ರೆ, ನಮ್ಮ ಹತ್ರ ಇರೋದು ಸುಮಾರು ಅರ್ಧ ಗಂಟೆ. ಅಷ್ಟರೊಳಗೆ ಐಸ್ ನೀರಿನ ಟಬ್ಬಲ್ಲಿ ಮುಳುಗಿಸಿ 102ರ ಹತ್ರ ಇಳಿಸ್ಬೇಕು, ಆಮೇಲೆ ಆಂಬುಲೆನ್ಸಲ್ಲಿ ಕಳಿಸ್ಬೇಕು, ಮೊದಲು ತಂಪು ಆಮೇಲೆ ಪ್ರಯಾಣ. ಹಣೆಗೆ ಥರ್ಮಾಮೀಟರ್ ಹಿಡಿದ್ರೆ ಸರಿಯಾದ ಲೆಕ್ಕ ಸಿಗಲ್ಲ, ಗುದದ್ವಾರದಲ್ಲೇ ನೋಡ್ಬೇಕು, ಅದೂ ಹದಿನಾರು ವರ್ಷದ ಹುಡುಗನಿಗೆ, ಅಷ್ಟೂ ಜನರ ಮಧ್ಯ ಮರೆ ಮಾಡ್ಕೊಂಡು. 2018ರ ಮೇ 29ಕ್ಕೆ ಮೇರಿಲ್ಯಾಂಡ್ ಯೂನಿವರ್ಸಿಟಿಯ ಜೋರ್ಡನ್ ಮೆಕ್‌ನೇರ್ ಅನ್ನೋ ಹತ್ತೊಂಬತ್ತು ವರ್ಷದ ಹುಡುಗ ಪ್ರಾಕ್ಟೀಸಲ್ಲಿ ಕುಸಿದ, ಜೂನ್ 13ಕ್ಕೆ ತೀರಿಕೊಂಡ. ಅವನ ಶಾಖ ಅಳೆದಿರ್ಲಿಲ್ಲ, ತಣ್ಣೀರಲ್ಲಿ ಮುಳುಗಿಸಿರ್ಲಿಲ್ಲ ಅಂತ ಆಮೇಲೆ ತನಿಖೆಯಲ್ಲಿ ಬಂತು. ಅಲ್ಲಿ ಇದ್ದವರು ಸ್ಟೂಡೆಂಟ್ಸ್ ಅಲ್ಲ, ಪೂರ್ತಿ ಓದಿ ಕೆಲಸದಲ್ಲಿದ್ದ ಸ್ಟಾಫ್. ಅಂಥವರ ಕೈಯಲ್ಲೇ ತಪ್ಪಿಹೋಗೋ ನಿರ್ಧಾರನ, ಕೋರ್ಸ್ ಮುಗಿಯದ ಹುಡುಗಿ ಒಬ್ಬಳೇ ನಿಂತು ತಗೊಳ್ಳಲಿ ಅಂತ ಬಿಡೋಕೆ ನಮಗೆ ಮನಸ್ಸು ಹೇಗೆ ಬರುತ್ತೆ?

ಇನ್ನೊಂದು ಮಾತು, ಇದು ಹೈಸ್ಕೂಲ್ ಮಕ್ಕಳ ಅಪ್ಪ ಅಮ್ಮಂದಿರಿಗೆ. ನಿಮ್ಮ ಮಕ್ಕಳು ಮೆಡಿಸಿನ್‌ಗೆ ಹೋಗ್ಬೇಕು ಅಂತ ಸ್ಪೋರ್ಟ್ಸ್ ಮೆಡಿಸಿನ್ ಕ್ಲಾಸ್ ತಗೊಂಡು, ವಾಲಂಟಿಯರ್ ಅವರ್ಸ್‌ಗೋಸ್ಕರ ನಮ್ಮ ಜೊತೆ ಮೈದಾನಕ್ಕೆ ಬರ್ತಾರೆ, ತುಂಬ ಒಳ್ಳೇದು, ನಂಗೆ ಖುಷಿ. ಅವರು ನೀರು ತುಂಬ್ಲಿ, ಐಸ್ ಬ್ಯಾಗ್ ಕಟ್ಲಿ, ಟೇಬಲ್ ಒರೆಸ್ಲಿ, ಪಕ್ಕದಲ್ಲಿ ನಿಂತು ನೋಡ್ಲಿ. ಆದ್ರೆ ಅವರಿಗೆ ಹದಿನೈದು ಹದಿನಾರು ವರ್ಷ, ಅವರು ಅಥ್ಲೆಟಿಕ್ ಟ್ರೈನಿಂಗ್ ಸ್ಟೂಡೆಂಟ್ ಕೂಡ ಅಲ್ಲ. ಪೆಟ್ಟು ನೋಡೋದು, ಟ್ರೀಟ್‌ಮೆಂಟ್ ಕೊಡೋದು ಅವರ ಕೆಲಸ ಅಲ್ಲ. ನನ್ನ ಮಗಳು ಒಬ್ಬಳೇ ಇಡೀ ಜೂನಿಯರ್ ಟೀಮ್ ನೋಡ್ಕೋತಾಳೆ ಅಂತ ಒಬ್ಬರು ನನ್ನ ಹತ್ರ ಹೇಳಿದ್ರು, ಬೇರೆ ಸ್ಕೂಲಿನವರು, ಹೆಮ್ಮೆ ಮುಖದಲ್ಲಿ ಕಾಣ್ತಿತ್ತು. ನಂಗೆ ಹೊಟ್ಟೆಯಲ್ಲಿ ಸಂಕಟ ಆಯ್ತು. ದಯವಿಟ್ಟು ಆ ಸ್ಕೂಲಿಗೆ ಫೋನ್ ಮಾಡಿ ನಿಲ್ಲಿಸಿ.

ತಂಗಿ ತಮ್ಮಂದಿರೇ, ನಿಮಗೆ. ಊರಲ್ಲಿ ಒಬ್ಬರೇ ವಾರ್ಡ್ ನೋಡ್ಕೊಂಡಿದೀವಿ, ನಮಗೇನು ಹೊಸದಾ ಅಂತ ಬರ್ಬೇಡಿ, ನಾನೂ ಹಂಗೇ ಬಂದಿದ್ದೆ. ನಿಮ್ಮ ಪ್ರಿಸೆಪ್ಟರ್ ಕಣ್ಣಿಗೆ ಕಾಣದಷ್ಟು ದೂರ ಹೋಗ್ತಿದ್ರೆ ನಾನೂ ನಿಮ್ಮ ಜೊತೆ ಬರ್ತೀನಿ ಅಂತ ಹೇಳಿ, ಅಷ್ಟೇ ಸಾಕು, ಜಗಳ ಬೇಡ. ಆಮೇಲೂ ಬಿಟ್ಟು ಹೋದ್ರೆ ನಿಮ್ಮ ಕೋರ್ಸಿನ ಕ್ಲಿನಿಕಲ್ ಕೋಆರ್ಡಿನೇಟರ್‌ಗೆ ತಾರೀಕು, ಟೈಮು ಹಾಕಿ ಇಮೇಲ್ ಮಾಡಿ, ಅದು ಚಾಡಿ ಅಲ್ಲ, ಅವರು ಇರೋದೇ ಅದಕ್ಕೆ. ಏಳು ದಿನಕ್ಕೆ ಒಂದು ದಿನ ರಜೆ ನಿಮಗೆ ಸಿಗ್ಲೇಬೇಕು, ಅದನ್ನೂ ಕೇಳಿ ತಗೊಳ್ಳಿ. ಲೈಸೆನ್ಸ್ ಕಾನೂನು ರಾಜ್ಯ ರಾಜ್ಯಕ್ಕೂ ಬೇರೆ, ನಮ್ಮವರು ಅಷ್ಟೊಂದು ಜನ ಇರೋ ಕ್ಯಾಲಿಫೋರ್ನಿಯಾ ಅಂತೂ ಬೇರೆ ಎಲ್ಲ ರಾಜ್ಯಗಳೂ ಕಾನೂನು ಮಾಡಿದ ಮೇಲೂ ವರ್ಷಗಟ್ಟಲೆ ಲೈಸೆನ್ಸೇ ಇಲ್ಲದೆ ಉಳಿದ ರಾಜ್ಯ, ಅಲ್ಲಿ ಪೋಸ್ಟಿಂಗ್ ಸಿಕ್ಕವರು ನಿಮ್ಮ ಮೇಲೆ ಯಾರಿದ್ದಾರೆ, ಅವರು ಅಥ್ಲೆಟಿಕ್ ಟ್ರೈನರ್‌ಗಳ ಬೋರ್ಡ್ ಪರೀಕ್ಷೆ ಪಾಸಾದವರಾ ಅಂತ ಮೊದಲ ದಿನವೇ ಕೇಳ್ಕೊಳ್ಳಿ.

ಅಪ್ಪ ಅಮ್ಮಂದಿರೇ, ನಿಮ್ಮ ಹತ್ರ ನಾನು ಕೇಳೋದು ಇಷ್ಟೇ. ಮೈದಾನದ ಪಕ್ಕ ಪೋಲೋ ಟೀಶರ್ಟ್ ಹಾಕಿ ಸೊಂಟಕ್ಕೆ ಬ್ಯಾಗ್ ಕಟ್ಕೊಂಡಿರೋ ಸಣ್ಣ ವಯಸ್ಸಿನವರನ್ನ ಕಂಡ್ರೆ ನಿಮ್ಮ ಪ್ರಿಸೆಪ್ಟರ್ ಎಲ್ಲಿ ಅಂತ ಒಂದು ಸಲ ಕೇಳಿ. ಅವರ ಹತ್ರಕ್ಕಿಂತ ಸ್ಕೂಲಿನ ಆಟೋಟ ನೋಡ್ಕೊಳ್ಳೋ ಅಥ್ಲೆಟಿಕ್ ಡೈರೆಕ್ಟರ್ ಹತ್ರ ಕೇಳಿದ್ರೆ ಇನ್ನೂ ಒಳ್ಳೇದು, ನೀವು ಟ್ಯಾಕ್ಸ್ ಕಟ್ಟೋರು, ಸ್ಕೂಲ್ ಬೋರ್ಡ್ ಮೀಟಿಂಗಲ್ಲಿ ಎದ್ದು ನಿಂತು ನಮ್ಮ ಸ್ಕೂಲಿಗೆ ಇನ್ನೊಬ್ಬರು ಟ್ರೈನರ್ ಬೇಕು ಅಂತ ನೀವು ಹೇಳಿದ್ರೆ ನಾನು ಹತ್ತು ವರ್ಷ ಹೇಳಿದ್ದಕ್ಕಿಂತ ಜಾಸ್ತಿ ಕೆಲಸ ಆಗುತ್ತೆ. ನಮ್ಮವಳು, ನಮ್ಮೂರವಳು ಅನ್ನೋ ಪ್ರೀತಿ ಇದ್ರೆ ಮ್ಯಾಚ್ ಮುಗಿದ ಮೇಲೆ ಮನೆಗೆ ಕರೆದು ಊಟ ಹಾಕಿ, ಹಾಸ್ಟೆಲಲ್ಲಿ ಸೀರಿಯಲ್ ತಿಂದು ಬದುಕ್ತಿರ್ತಾರೆ ಪಾಪ. ಮೈದಾನದಲ್ಲಿ ಮಾತ್ರ ಆ ಪ್ರೀತಿ ಇಟ್ಕೊಂಡು ಏನೂ ಕೇಳ್ಬೇಡಿ.

ನಾನು ಬದಲಾಯಿಸಿರೋದು ಇದು. ಈ ಸೀಸನ್ನಿಂದ ನಾನು ಇನ್ನೊಂದು ಮೈದಾನಕ್ಕೆ ಹೋಗ್ಬೇಕಾದ್ರೆ ಸ್ಟೂಡೆಂಟ್ ನನ್ನ ಜೊತೆ ಗಾಡಿಯಲ್ಲಿ ಬರ್ತಾಳೆ. ಸಾಕರ್ ಕೋಚ್ ಹತ್ರ ರೇಡಿಯೋ ಇರುತ್ತೆ, ಎಇಡಿ ಬೆಂಚಿನ ಕೆಳಗೆ ಇರುತ್ತೆ, ಪ್ಲೇಯರ್ ಬಿದ್ರೆ ನಾವು ಬರೋವರೆಗೆ ಹೊರಗೆ ಕೂತಿರ್ತಾನೆ. ಮ್ಯಾಚ್ ಐದು ನಿಮಿಷ ನಿಲ್ಲುತ್ತೆ, ಆಗ ಬೇಜಾರಾದ್ರೆ ನನ್ನ ಮೇಲೆ ಕೂಗಾಡಿ, ಅವಳ ಮೇಲೆ ಬೇಡ. ಆಗಸ್ಟಲ್ಲಿ ಪ್ರಾಕ್ಟೀಸ್ ಶುರು, ಐಸ್ ಟಬ್ ಲಾಕರ್ ರೂಮಿನ ಹಿಂದಿನ ಬಾಗಿಲ ಹತ್ರ ಇಡ್ತೀವಿ, ಯಾರಿಗೆ ನೋಡ್ಬೇಕು ಅನ್ಸುತ್ತೋ ಮೊದಲ ದಿನ ಸಂಜೆ ನಾಲ್ಕಕ್ಕೆ ಬನ್ನಿ, ನಾವಿಬ್ಬರೂ ಅಲ್ಲೇ ಇರ್ತೀವಿ.

ಇಂತಿ,
ನಿಮ್ಮ ಮಕ್ಕಳ ಮೈದಾನದ ಪಕ್ಕ ನಿಲ್ಲೋ ಒಬ್ಬ ಅಥ್ಲೆಟಿಕ್ ಟ್ರೈನರ್